ಮೇಜಿನ ಕೆಳಗಿನ ದೊರೆ

ನನ್ನ ತಂಗಿಗೆ ಬೀದಿಯವರು ಇಟ್ಟ ಹೆಸರು ಮೈಕಮ್ಮ. ಅವಳು ಒಳಗೆ ಕೂತು ಸೂಜಿ ಕೇಳಿದರೆ ಬೀದಿ ಕೊನೆಯ ಅಂಗಡಿಯವನು ಕೊಟ್ಟು ಕಳಿಸಬೇಕು, ಅಂಥ ಗಂಟಲು. ಹೊಲಿಗೆ ಅವಳ ಕಸುಬು. ಬೀದಿಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಮೆಷಿನ್ನು, ಬಟ್ಟೆ ಕತ್ತರಿಸುವ ದೊಡ್ಡ ಮೇಜು, ಕಿಟಕಿ ಪಕ್ಕ ನನ್ನ ಕುರ್ಚಿ. ನನ್ನ ಯಜಮಾನರು ಹೋದ ಮೇಲೆ ನಾನೂ ಇಲ್ಲೇ ಇದ್ದೇನೆ. ಕಾಜಾ ಹಾಕುವುದು, ಗುಂಡಿ ಹಚ್ಚುವುದು ನನ್ನ ಪಾಲು.

ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಒಂದು ಜಾಗದವರು ಹಾಸು ಹೊಲಿದುಕೊಡಿ ಅಂದಿದ್ದರು. ಕೊಡಲು ಹೋದವಳು ಒಂದು ಕಂದು ನಾಯಿಯನ್ನು ಸೊಂಟಕ್ಕೇರಿಸಿಕೊಂಡು ಬಂದಳು.

"ಎಲ್ಲಾ ನಾಯಿಗಳೂ ನನ್ನ ನೋಡಿ ಕುಣಿದ್ವು ಅಕ್ಕಾ. ಇದೊಂದು ಗೋಡೆಗೆ ಮುಖ ಹಾಕಿ ಕೂತಿತ್ತು. ಕರುಳು ಚುರುಕ್ ಅಂತು."

ನೆಲಕ್ಕೆ ಬಿಟ್ಟಿದ್ದೇ ತಡ, ನಾಯಿ ಮೇಜಿನ ಕೆಳಗೆ ನುಗ್ಗಿ ಮೂಲೆ ಹಿಡಿಯಿತು. ನಾಯಿ ಸಾಕುವ ಜಾಗದ ಮೇಡಂ ಮೊದಲೇ ಹೇಳಿದ್ದರಂತೆ: ಇದು ಬಹಳ ಪುಕ್ಕಲು, ಮೆತ್ತಗೆ ನೋಡಿಕೊಳ್ಳಿ. ತಿಂಗಳು ಬಿಟ್ಟು ಬರುತ್ತೇನೆ. ಆಗಲೂ ತಾನಾಗಿ ಹೊಸ್ತಿಲು ದಾಟದಿದ್ದರೆ ಬೇರೆ ಮನೆ ಹುಡುಕುತ್ತೇನೆ.

ಸರಿ, ನಮ್ಮ ಮನೆ ಮೂಕವಾಯಿತು. ತಂಗಿ ಮೆಷಿನ್ನಿಗೆ ಮುಸುಕು ಹಾಕಿ ಕೈಹೊಲಿಗೆಗೆ ಕೂತಳು. ಮಾತೆಲ್ಲ ಪಿಸುಪಿಸು. ಬಸ್ಸು ಓಡಿಸುವ ಅವಳ ಗಂಡ ಕೆಲಸದಿಂದ ಬಂದರೆ ಚಪ್ಪಲಿ ಕೈಯಲ್ಲಿ ಹಿಡಿದು ತುದಿಗಾಲಲ್ಲಿ ಒಳಗೆ ಬರುವನು. "ನನ್ನ ಮನೆಗೆ ನಾನೇ ಕನ್ನ ಹಾಕೋ ಹಾಗಾಯ್ತಲ್ಲ! ದೊರೆಗಳ ಊಟ ಆಯ್ತಾ?" ಅಂತ ಪಿಸುದನಿಯಲ್ಲೇ ಕೇಳುವನು. ನಾಯಿಗೆ ಆ ಹೆಸರೇ ಅಂಟಿಕೊಂಡಿತು. ಆದರೆ ದೊರೆ ದಿನದಿನಕ್ಕೂ ಗೋಡೆಗೆ ಇನ್ನಷ್ಟು ಒತ್ತಿಕೊಂಡ. ಯಾರೂ ಇಲ್ಲದ ಹೊತ್ತಲ್ಲಿ ಬಚ್ಚಲಿಗೆ ಹೋಗಿ ಬರುವುದು ಬಿಟ್ಟರೆ ಕದಲಲಿಲ್ಲ. ತಂಗಿ ಸೊರಗಿದಳು. "ಕೊಟ್ಟುಬಿಡಬೇಕಾಗುತ್ತೆ ಅಕ್ಕಾ," ಅಂತ ಕಣ್ಣು ಒರೆಸಿಕೊಂಡಳು.

ನನ್ನ ಕುರ್ಚಿಯಿಂದ ಮೇಜಿನ ಕೆಳಗೆ ಚೆನ್ನಾಗಿ ಕಾಣುತ್ತದೆ. ಕೈ ಕಾಜಾ ಮೇಲಿದ್ದರೂ ಕಣ್ಣು ಅವನ ಮೇಲೆ. ಒಂದು ಬೆಳಿಗ್ಗೆ ಕಸದ ಗಾಡಿ ಡಬಡಬ ಅಂತ ಬಂತು. ದೊರೆ ಒಂದು ಕಿವಿ ಎತ್ತಿ ಇಳಿಸಿದ, ಅಷ್ಟೆ. ಅದರ ಹಿಂದೆಯೇ ತಂಗಿ ಅನ್ನದ ತಟ್ಟೆ ಹಿಡಿದು, ಉಸಿರು ಬಿಗಿಹಿಡಿದು, ಅವನನ್ನೇ ದಿಟ್ಟಿಸುತ್ತ ಮೆಲ್ಲಗೆ ಬಂದಳು. ಅವನು ಗಡಗಡ ನಡುಗಿದ.

"ಏ, ಇದು ಸದ್ದಿಗೆ ಹೆದರ್ತಿಲ್ಲ ಕಣೇ," ಅಂದೆ. "ನಮ್ಮ ಕಳ್ಳಹೆಜ್ಜೆಗೆ ಹೆದರ್ತಿದೆ. ಹಿಡಿಯೋಕೆ ಬಂದವರೆಲ್ಲ ಅದರ ಹತ್ರ ಹೀಗೇ ಬಂದಿರ್ತಾರೆ."

"ಹಾಗಾದ್ರೆ ನಾನು ಬಾಯಿ ಬಿಡಬಹುದಾ?"

"ಬಿಡು ತಾಯಿ. ಅದರ ಕಡೆ ಮಾತ್ರ ನೋಡಬೇಡ."

ಮುಸುಕು ತೆಗೆದಳು. ಮೊದಲ ದಿನ ಚಕ್ರವನ್ನು ಕೈಯಲ್ಲೇ ತಿರುಗಿಸಿದಳು, ಆಮೇಲೆ ನಿಧಾನವಾಗಿ ಕಾಲಲ್ಲಿ ತುಳಿದಳು. ಓಡಾಡುವಾಗ ಅನ್ನದ ತುತ್ತು ಮೇಜಿನ ಪಕ್ಕ ಬೀಳಿಸಿ, ತನಗೇನೂ ಗೊತ್ತಿಲ್ಲವೆಂಬಂತೆ ಮುಂದೆ ಹೋಗುವಳು. ಗಂಡನಿಗೆ ಬೈಗುಳ ಮತ್ತೆ ಶುರುವಾಯಿತು. "ಬದುಕಿದೆ ಕಣೇ!" ಅಂದ ಅವನು, ಚಪ್ಪಲಿ ಸಪ್ಪಳ ಮಾಡುತ್ತ. ಒಂದು ದಿನ ಮೂತಿ ಹೊರಗೆ ಬಂತು. ಇನ್ನೊಂದು ದಿನ ದೊರೆ ಕತ್ತರಿಸಿದ ಬಟ್ಟೆಯ ಗುಡ್ಡೆ ಮೇಲೆ ಗಲ್ಲ ಇಟ್ಟು, ಮೆಷಿನ್ನು ಓಡುತ್ತಿದ್ದ ಹಾಗೇ ಗೊರಕೆ ಹೊಡೆದ. ತಂಗಿ ಉಸಿರೆತ್ತದೆ ಅತ್ತಳು. ಆದರೂ ಹೊಸ್ತಿಲ ತನಕ ಬಂದವನು ಬೀದಿ ನೋಡಿ ಹಿಂದೆ ಸರಿಯುವನು.

ಮೇಡಂ ಬಂದೇಬಿಟ್ಟರು, ಕೈಯಲ್ಲಿ ಹಗ್ಗ. ದೊರೆ ಸರ್ರನೆ ಮೇಜಿನ ಕೆಳಗೆ. "ತಪ್ಪು ತಿಳಿಯಬೇಡಿ ಅಮ್ಮಾ, ಅಂಗಳ ಇರೋ ಮನೆ ಒಂದಿದೆ," ಅಂದರು. ಅವರ ಮುಖವೂ ಬಾಡಿತ್ತು. ತಂಗಿ ಹೊರಗೆ ಹೋಗಿ ನಿಂತಳು.

ಅಷ್ಟರಲ್ಲಿ ಎದುರು ಮನೆಯವನು ಗಾಡಿಯನ್ನು ಹಿಂದಕ್ಕೆ ತೆಗೆಯುತ್ತ, ಅವಳು ಒಣಹಾಕಿದ್ದ ಗಿರಾಕಿ ಬಟ್ಟೆಗೇ ನುಗ್ಗಿಸಿದ. ದುಃಖವೆಲ್ಲ ಗಂಟಲಿಗೆ ಬಂತು. "ಕಣ್ಣು ಮಡಚಿ ಜೇಬಲ್ಲಿ ಇಟ್ಕೊಂಡಿದೀಯೇನೋ!"

ಮೇಜಿನ ಕೆಳಗೆ ಎರಡು ಕಿವಿ ನೆಟ್ಟಗಾದವು. ದೊರೆ ಹೊರಬಂದ. ಮೇಡಂ ಕಾಲಿನ ಪಕ್ಕದಲ್ಲೇ ಹಾದ. ಹೊಸ್ತಿಲ ಮೇಲೆ ಒಂದು ಕ್ಷಣ ನಿಂತ. ನನ್ನ ಕೈಯ ಸೂಜಿಯೂ ನಿಂತಿತು. ಅವನು ಟಣ್ಣನೆ ಬೀದಿಗೆ ಹಾರಿ ನೇರ ತಂಗಿಯ ಬಳಿ ಹೋದ, ಮೈ ಝಾಡಿಸಿದ, ಗಾಡಿಯವನ ಕಡೆ ತಿರುಗಿ ಬೊಗಳಿದ. ಅವನ ದನಿ ನಾವು ಕೇಳಿದ್ದು ಅದೇ ಮೊದಲು. ಏನು ದನಿ!

"ಅಕ್ಕಾ, ದಾಟಿದ! ನೋಡೇ, ದಾಟಿದ!" ತಂಗಿ ಕೂಗಿದ ಕೂಗಿಗೆ ಅಕ್ಕಪಕ್ಕದ ಬಾಗಿಲೆಲ್ಲ ತೆರೆದವು. ಬೈಸಿಕೊಂಡವನೂ ಗಾಡಿಯಿಂದಿಳಿದು ಚಪ್ಪಾಳೆ ತಟ್ಟಿದ. ಅಷ್ಟು ಜನರ ಮಧ್ಯೆ ದೊರೆ ಬಾಲ ಎತ್ತಿ ನಿಂತಿದ್ದ.

ಮೇಡಂ ಹಗ್ಗವನ್ನು ತಂಗಿಯ ಕೈಗೇ ಕೊಟ್ಟರು. "ಅಂಗಳದ ಮನೆಯವರಿಗೆ ಬೇರೆ ನಾಯಿ ಕೊಡ್ತೀನಿ. ಇವನು ನಿಮ್ಮವನು."

"ಮತ್ತೆ? ಇನ್ಯಾರವನು!" ಅಂದವಳೇ ಮೈಕಮ್ಮ ಬಟ್ಟೆಯನ್ನು ಬಿದ್ದಲ್ಲೇ ಬಿಟ್ಟು, ದೊರೆಯನ್ನು ಕರೆದುಕೊಂಡು ಬೀದಿ ಸುತ್ತಲು ಹೊರಟಳು. ಅವನು ಒಂದೊಂದು ಕಂಬವನ್ನೂ ಮೂಸಿ, ಕಾಲೆತ್ತಿ, ತನ್ನದು ಮಾಡಿಕೊಳ್ಳುತ್ತ ಮುಂದೆ ಮುಂದೆ ನಡೆದ.