ಕಮತಗಿಯಲ್ಲಿ ಸೈಕಲ್ ಹತ್ತಿದ ಹುಡುಗಿ

ಇಳಕಲ್ ಬಸ್ಸಿಗಾಗಿ ಬೆಳಿಗ್ಗೆ ಕಮತಗಿಯ ರಸ್ತೆ ಬದಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ನೇಕಾರರೊಬ್ಬರು ಮಗಳ ಸೈಕಲ್ಲಿನ ಗಾಲಿ ಒತ್ತಿ ಗಾಳಿ ನೋಡುತ್ತಿದ್ದರು. ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲಂತೆ. ವರ್ಷ ಕಳೆದರೂ ಹುಡುಗಿ ಒಂದು ದಿನವೂ ಅದನ್ನು ಹತ್ತಿ ಶಾಲೆಗೆ ಹೋಗಿರಲಿಲ್ಲ.

“ಲಾರಿ ಭಾಳ ಓಡಾಡ್ತಾವ್ರಿ. ನಾನ ಬ್ಯಾಡ ಅಂದಿದ್ದೆ. ಸಾಲಿತನಾ ತಳ್ಕೊಂಡ ಹೋಗ್ತಿದ್ಲು” ಎಂದರು.

“ಬರೇ ತಳ್ಕೊಂಡ ಹೋಗೂದು ಯಾಕ, ತಂಗಿ?” ಎಂದು ಪಕ್ಕದಲ್ಲೇ ನಿಂತಿದ್ದ ಮಗಳನ್ನು ಕೇಳಿದೆ.

“ಗೆಳತ್ಯಾರ ಪಾಟಿಚೀಲ ಎಲ್ಲಾ ಇದರ ಮ್ಯಾಲ ಹೇರತಿದ್ವಿರಿ” ಎಂದು ನಕ್ಕಳು.

ಈಗ ಸರ್ಕಾರದ ದುಡ್ಡಿನಲ್ಲೇ ಶಾಲೆಯವರೆಗೆ ಮಕ್ಕಳಿಗೆಂದು ಬೇರೆ ದಾರಿಯಾಗಿದೆ. ಲಾರಿಗಳು ಅತ್ತ ನುಗ್ಗದಂತೆ ನಡುವೆ ಮೊಣಕಾಲೆತ್ತರದ ಗೋಡೆ. ಅಂದು ಮೊದಲ ಸಲ ಹುಡುಗಿ ಶಾಲೆಗೆಂದು ಸೈಕಲ್ ಹತ್ತಿದಳು. ಅಪ್ಪ ಮಾತ್ರ ಗೋಡೆಯ ಈಚೆ, ಲಾರಿಗಳು ಹಾಯುವ ಬದಿಯಲ್ಲೇ, ಅವಳಿಗೆ ಸಮನಾಗಿ ಓಡತೊಡಗಿದರು. ಅಪ್ಪನಿಗೆ ಏದುಸಿರು ಬಂದಿತೆಂದು ಅವಳು ತುಳಿಯುವುದನ್ನು ನಿಧಾನ ಮಾಡಿದಳು. ಸೈಕಲ್ ಓಲಾಡಿತು.

ಅಪ್ಪ ಅಲ್ಲೇ ನಿಂತುಬಿಟ್ಟರು.

“ನನ್ನ ಏನ್ ನೋಡ್ತಿ, ಯವ್ವಾ? ಮುಂದ ನೋಡು!”

ಅವಳು ಮುಂದೆ ನೋಡಿ ಜೋರಾಗಿ ತುಳಿದಳು. ನನ್ನ ಬಸ್ಸು ಅವರನ್ನು ದಾಟಿದಾಗ ಅವರು ಗೋಡೆಯ ಮೇಲೆ ಹತ್ತಿ ನಿಂತಿದ್ದರು, ಅವಳು ಇನ್ನಷ್ಟು ದೂರದವರೆಗೆ ಕಾಣಲೆಂದು.