ಡಯಟಕ್ಕನ ನಾಲ್ಕು ಚೀಟಿ

ಹೊಟ್ಟೆ ನೋಡದೆ ಯಾರಿಗೂ ಬಡಿಸಬಾರದು ಎನ್ನುವುದು ಡಯಟಕ್ಕನ ಧರ್ಮ. ಇಪ್ಪತ್ತೊಂಬತ್ತು ವರ್ಷ ದೊಡ್ಡಾಸ್ಪತ್ರೆಯ ಡಯಟ್ ಅಡುಗೆಮನೆಯಲ್ಲಿ ದುಡಿದು ಆ ಹೆಸರು ಪಡೆದವಳು. ಅಲ್ಲಿ ಬೆಳಗ್ಗೆ ವಾರ್ಡು ಸುತ್ತಿ, ಮಂಚಕ್ಕೊಂದು ಚೀಟಿ ಸಿಕ್ಕಿಸಿ ಬಂದ ಮೇಲೆಯೇ ಒಲೆ ಹಚ್ಚುವುದು. ಚೀಟಿಯಲ್ಲಿ ನಾಲ್ಕೇ ಬಗೆ: ಪೂರ್ತಿ ಊಟ, ಮೆತ್ತನೆ ಊಟ, ದ್ರವಾಹಾರ, ಮತ್ತು ‘ಬಾಯಿಗೆ ಏನೂ ಇಲ್ಲ’. ಕೊನೆಯದು ಆಪರೇಷನ್ ಆದವರಿಗೆ. ಅವರು ಎಚ್ಚರಗೊಂಡು ತಮ್ಮ ಹೆಸರು ಹೇಳಬೇಕು, ತಾವು ಎಲ್ಲಿದ್ದೇವೆ, ಏನಾಯಿತು ಎಂದು ಹೇಳಬೇಕು. ಅಲ್ಲಿಯವರೆಗೆ ಗುಟುಕು ನೀರೂ ಇಲ್ಲ. ನಿವೃತ್ತಿಯಾಗಿ ತಮ್ಮನ ಮನೆ ಸೇರಿ ಆರು ವರ್ಷವಾದರೂ ಈ ಚಾಳಿ ಬಿಟ್ಟಿರಲಿಲ್ಲ. ತಮ್ಮನ ಹೆಂಡತಿಗೆ ನೆಗಡಿಯಾದರೂ ದಿಂಬಿಗೆ ಚೀಟಿ ಬೀಳುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೆಲಸದ ಗುಣವೂ ಅಷ್ಟೇ.

ಆ ಭಾನುವಾರ ಬೆಳಗ್ಗೆ ಮನೆಯ ಹಾಲ್ ಥೇಟ್ ವಾರ್ಡಿನ ಹಾಗೇ ಇತ್ತು. ನಲ್ಲಿ, ಬೇಸಿನ್ನು ಮಾರುವ ಅಂಗಡಿಯಲ್ಲಿ ತಮ್ಮನಿಗೆ ಶಾಖೆಯ ಮುಖ್ಯಸ್ಥನಾಗಿ ಬಡ್ತಿ ಸಿಕ್ಕಿತ್ತು. ಅದಕ್ಕೆ ಪಾರ್ಟಿ. ಹೆಂಡತಿ ತವರಿಗೆ ಹೋದ ಎರಡೇ ದಿನಕ್ಕೆ ಮುಹೂರ್ತ ಕೂಡಿಬಂದದ್ದರ ಬಗ್ಗೆ ಹೆಚ್ಚು ಹೇಳುವುದು ಬೇಡ. ರಾತ್ರಿ ಹೋಗಲಾರದೆ ಉಳಿದವರು ಮೂವರು. ಅಂಗಡಿಯ ಯಜಮಾನರು ಸೋಫಾದ ಮೇಲೆ, ಒಂದು ಕಾಲಿಗೆ ಬೂಟು ಹಾಕಿಕೊಂಡು ಮಲಗಿದ್ದರು. ಟೈಲ್ಸ್ ಮೇಸ್ತ್ರಿ ನೆಲದ ಮೇಲೆ, ತಾನೇ ಹಾಕಿದ ಟೈಲ್ಸಿಗೆ ಕೆನ್ನೆ ಒತ್ತಿಕೊಂಡಿದ್ದ. ಡ್ರೈವಿಂಗ್ ಶಾಲೆಯ ಮೇಷ್ಟ್ರ ಮನೆ ಕಿಟಕಿಯಿಂದ ಇಣುಕಿದರೆ ಕಾಣುತ್ತದೆ. ಊರಿಗೆಲ್ಲ ನೇರ ದಾರಿ ಕಲಿಸುವ ಅವರಿಗೆ ಆ ನಲವತ್ತು ಹೆಜ್ಜೆ ದಾಟಲಾಗಿರಲಿಲ್ಲ. ಡಯಟಕ್ಕನ ತಮ್ಮನಂತೂ ಕುರ್ಚಿಯಲ್ಲಿ ಕೂತೇ ನಿದ್ದೆ ಹೋಗಿದ್ದ.

ಡಯಟಕ್ಕನಿಗೆ ಮಾತ್ರ ಕಣ್ಣಿಗೆ ಕಣ್ಣು ಹತ್ತಿರಲಿಲ್ಲ. ಹಿಂದಿನ ಸಂಜೆ ಅವಳು ಇವರಿಗಾಗಿ ಆಲೂಗಡ್ಡೆ ಕರಿಯುತ್ತ ನಿಂತಿದ್ದಾಗ ಮೇಸ್ತ್ರಿ ಅವಳ ಕೋಣೆಗೆ ಹೋಗಿ ಅಳತೆ ತೆಗೆದಿದ್ದ. ಗೋಡೆಯ ತುಂಬ ಸೀಮೆಸುಣ್ಣದ ಗೆರೆ. ಕಿಟಕಿಯ ಕೆಳಗೆ ‘ಕೌಂಟರ್’, ಅವಳ ಬಟ್ಟೆಯ ಬೀರು ಇದ್ದ ಕಡೆ ‘ಬಾಟಲಿ’, ಮಂಚದ ತಲೆದಿಂಬಿನ ಮೇಲೆ ಸರಿಯಾಗಿ ‘ಸಿಂಕ್’. ಅವಳು ಅದನ್ನು ಓದುತ್ತ ನಿಂತಿದ್ದಾಗಲೇ ಹಾಲಿನಿಂದ ತಮ್ಮನ ದನಿ ಕೇಳಿತ್ತು: ಮುಂದಿನ ಪಾರ್ಟಿ ಮನೆಯ ಸ್ವಂತ ಬಾರಿನಲ್ಲೇ, ಅಕ್ಕ ದೊಡ್ಡಮ್ಮನ ಮಗಳ ಮನೆಗೆ ಹೋಗಿ ಇರ್ತಾಳೆ, ಖುಷಿಯಾಗಿ ಒಪ್ಪಿದಾಳೆ. ಮೂವರೂ ಚಪ್ಪಾಳೆ ತಟ್ಟಿದ್ದರು. ಅವಳು ಒಪ್ಪಿರಲಿಲ್ಲ. ಒಪ್ಪುವುದಕ್ಕೆ ಯಾರಾದರೂ ಕೇಳಬೇಕಲ್ಲ. ಕೋಣೆ ಹೋಗುತ್ತದೆ ಎನ್ನುವುದಕ್ಕಿಂತ, ತನ್ನ ಹೂಂ ಅನ್ನೂ ಅವನೇ ಹೇಳಿಬಿಟ್ಟ ಎನ್ನುವುದು ಅವಳನ್ನು ಹೆಚ್ಚು ಕುಟುಕಿತ್ತು.

ಆರು ಗಂಟೆಗೆ ಅವಳು ಚೀಟಿ, ಪಿನ್ನು ಹಿಡಿದು ಸುತ್ತು ಹೊರಟಳು. ಯಜಮಾನರ ಕಣ್ಣುರೆಪ್ಪೆ ಎತ್ತಿ ನೋಡಿದಳು; ಅವರು ನರಳಿದರು. ದ್ರವಾಹಾರ. ಮೇಷ್ಟ್ರ ಹೊಟ್ಟೆ ಒತ್ತಿದಳು; ಅವರು ನಿದ್ದೆಯಲ್ಲೇ ಕಾಲಲ್ಲಿ ಬ್ರೇಕು ಹುಡುಕಿದರು. ಮೆತ್ತನೆ ಊಟ. ಮೇಸ್ತ್ರಿ ಕಲ್ಲು ಹಾಕಿದರೂ ಕರಗಿಸುವ ಆಸಾಮಿ. ಪೂರ್ತಿ. ತಮ್ಮನ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬರೆದು ಅವನ ಅಂಗಿಗೆ ಸಿಕ್ಕಿಸಿದಳು.

ಎಂಟಕ್ಕೆ ಈರುಳ್ಳಿ ಬಾಡಿಸಿದ ವಾಸನೆಗೆ ಒಬ್ಬೊಬ್ಬರಾಗಿ ಎದ್ದರು. ಯಜಮಾನರಿಗೆ ತರಕಾರಿ ಬೇಯಿಸಿದ ತಿಳಿನೀರು, ಉಪ್ಪು, ನಿಂಬೆರಸ. ಮೇಷ್ಟ್ರಿಗೆ ಬೇಯಿಸಿ ಹಿಸುಕಿದ ಆಲೂಗಡ್ಡೆ, ಒಂದು ಬಾಳೆಹಣ್ಣು. ಮೇಸ್ತ್ರಿಗೆ ಮೂರು ಮೊಟ್ಟೆ, ಸುಟ್ಟ ಬ್ರೆಡ್ಡು, ಈರುಳ್ಳಿ. ರಾತ್ರಿ ಅಂಗಡಿಯ ಇತಿಹಾಸವನ್ನು ಮೇಜು ಗುದ್ದಿ ಗುದ್ದಿ ಹೇಳಿದ್ದ ಯಜಮಾನರು ಈಗ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಮಗುವಿನಂತೆ ಹೀರಿದರು.

“ಜೀವ ಬಂತು ತಾಯಿ,” ಎಂದರು.

ತಮ್ಮನ ಮುಂದೆ ತಟ್ಟೆ ಇರಲಿಲ್ಲ.

“ಅಕ್ಕ, ನಂಗೆ?”

“ಚೀಟಿ ನೋಡ್ಕೊ.”

ಅವನು ಗಲ್ಲ ಎದೆಗೊತ್ತಿ ಓದಲು ನೋಡಿದ. ಅಕ್ಷರ ತಲೆಕೆಳಗಾಗಿ ಕಂಡವು. ಮೇಸ್ತ್ರಿಯೇ ಓದಿ ಹೇಳಿದ. “ಬಾಯಿಗೆ ಏನೂ ಇಲ್ಲ ಅಂತಿದೆ ಸಾರ್.” ಹಾಗೆ ಹೇಳುತ್ತಲೇ ಮೊಟ್ಟೆ ಮುರಿದು ಬಾಯಿಗಿಟ್ಟುಕೊಂಡು, ಪಾಪ, ಕೆಲಸದವನ ಸಹಜ ಕಾಳಜಿಯಿಂದ ಕೇಳಿದ: “ಅಕ್ಕಾವ್ರೇ, ನಿಮ್ ಸಾಮಾನು ಯಾವತ್ತು ಖಾಲಿ ಮಾಡ್ತೀರಿ? ಸಿಂಕಿನ ಪೈಪಿಗೆ ಗೋಡೆ ಒಡೀಬೇಕು. ಧೂಳು ಜಾಸ್ತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ತಮ್ಮ ಯಾರೂ ಕೇಳದೆಯೇ “ನಾನೇನೂ ಹೇಳಿಲ್ಲ” ಎಂದ.

ಡಯಟಕ್ಕ ಕುರ್ಚಿ ಎಳೆದುಕೊಂಡು ಅವನೆದುರು ಕೂತಳು. “ನಿನ್ನ ಹೆಸರು ಹೇಳು.”

“ಏನಕ್ಕ ಇದು, ಎಲ್ಲರ ಮುಂದೆ.”

“ಹೆಸರು.”

ಹೇಳಿದ.

“ಎಲ್ಲಿದೀಯ?”

“ನನ್ನ ಮನೇಲಿ.”

“ಅಡುಗೆಮನೆ ಪಕ್ಕದ ಕೋಣೆ ಯಾರದು?”

ಅವನು ಯಜಮಾನರ ಕಡೆ ನೋಡಿದ. ಯಜಮಾನರು ಲೋಟದ ತಳ ನೋಡುತ್ತಿದ್ದರು.

“ನಿನ್ನೆ ರಾತ್ರಿ ಇವರಿಗೆ ಏನು ಹೇಳಿದೆ?”

“ನೆನಪಿಲ್ಲ.”

“ಹಾಗಾದ್ರೆ ಇನ್ನೂ ಪ್ರಜ್ಞೆ ಬಂದಿಲ್ಲ,” ಎಂದು ಅವಳು ಎದ್ದು ಮೇಷ್ಟ್ರಿಗೆ ಇನ್ನೊಂದು ಚಮಚ ಆಲೂಗಡ್ಡೆ ಹಾಕಿದಳು.

ತಿಂದ ಅನ್ನದ ಋಣ ಅನ್ನುವುದು ಮೇಷ್ಟ್ರಂಥ ಮೇಷ್ಟ್ರಿಗೂ ಇರುತ್ತದೆ. ಅವರು ಬಾಯಿ ಒರೆಸಿಕೊಂಡು, “ಅಕ್ಕ ಖುಷಿಯಾಗಿ ಒಪ್ಪಿದಾಳೆ, ತಾನಾಗೇ ಹೋಗ್ತೀನಿ ಅಂದ್ಲು ಅಂತ ಹೇಳಿದ್ರಲ್ಲ ನೀವು. ನಾವು ಚಪ್ಪಾಳೆ ಹೊಡೆದ್ವಿ,” ಎಂದರು. ಆಮೇಲೆ ತಮ್ಮ ಚಪ್ಪಾಳೆಯ ನೆನಪಿಗೆ ತಾವೇ ಮುಖ ಸಿಂಡರಿಸಿ ಬಾಳೆಹಣ್ಣಿನ ಸಿಪ್ಪೆ ಸುಲಿಯತೊಡಗಿದರು.

“ಬೇಗ ಹೇಳಿ ಮುಗಿಸಯ್ಯ,” ಎಂದರು ಯಜಮಾನರು. “ನಂಗೆ ಇನ್ನೊಂದು ಲೋಟ ಬೇಕು, ಅವರು ನಿನ್ನ ಉತ್ತರಕ್ಕೆ ಕಾಯ್ತಾ ನಿಂತಿದಾರೆ.”

ತಮ್ಮನ ನಾಲಗೆ ಒಣಗಿ ಅಂಗುಳಿಗೆ ಅಂಟಿತ್ತು. ಅಡುಗೆಮನೆಯ ಹಬೆ ಮೂಗಿಗೆ ಬಡಿಯುತ್ತಿತ್ತು. ಮಾನ ದೊಡ್ಡದೋ ಲೋಟ ದೊಡ್ಡದೋ ಎಂದು ಅವನು ಸುಮಾರು ಒಂದು ನಿಮಿಷ ತೂಗಿದ. ಲೋಟ ಗೆದ್ದಿತು.

“ಅಕ್ಕ ಒಪ್ಪಿದಾಳೆ ಅಂತ ಹೇಳ್ದೆ.”

“ನನ್ನ ಕೇಳಿದ್ಯಾ?”

“ಇಲ್ಲ.”

“ಈಗ ಕೇಳು.”

ಅವನು ಬಹಳ ವರ್ಷದ ಮೇಲೆ ಅಕ್ಕನ ಮುಖವನ್ನು ನೆಟ್ಟಗೆ ನೋಡಿದ. “ಹೋಗ್ತೀಯಾ ಅಕ್ಕ?” ಎಂದ.

ನಿಜ ಹೇಳಬೇಕೆಂದರೆ, ಇದೇ ಮಾತನ್ನು ಅವನು ಒಂದು ವಾರದ ಹಿಂದೆ, ಪಕ್ಕದಲ್ಲಿ ಕೂತು ಕೇಳಿದ್ದರೆ ಅವಳು ಹೂಂ ಅಂದುಬಿಡುತ್ತಿದ್ದಳು. ಅಕ್ಕಂದಿರು ಹಾಗೆ ಅಂದು ಅಂದೇ ತಮ್ಮಂದಿರು ಹೀಗಾಗಿರುವುದು.

“ಇಲ್ಲ,” ಎಂದಳು.

ಅಂಗಿಯಿಂದ ಚೀಟಿ ಕಿತ್ತಳು. ತಿಳಿನೀರಿನ ಲೋಟ ಅವನ ಕೈಗಿಟ್ಟು, ಇನ್ನೊಂದು ಕೈಗೆ ಒದ್ದೆ ಬಟ್ಟೆ ಕೊಟ್ಟಳು. ಅವನಿಗೆ ಅರ್ಥವಾಯಿತು. ಕುಡಿದು ಕೋಣೆಗೆ ಹೋಗಿ ಕೌಂಟರ್ ಅಳಿಸಿದ, ಬಾಟಲಿ ಅಳಿಸಿದ. ಮೇಸ್ತ್ರಿ ಬಾಗಿಲಲ್ಲಿ ನಿಂತು, “ಒತ್ತಿ ಉಜ್ಜಿ ಸಾರ್, ಮೇಲಿನ ಗೆರೆ ಉಳೀತು,” ಎಂದು ಸಲಹೆ ಕೊಟ್ಟ. ತಮ್ಮ ಮಂಚ ಹತ್ತಿ ಸಿಂಕಿಗೆ ಕೈ ಹಾಕಿದಾಗ ಡಯಟಕ್ಕ ತಡೆದಳು.

“ಅದು ಇರಲಿ.”

“ಯಾಕಕ್ಕ?”

“ಸಂಜೆ ನಿನ್ನ ಹೆಂಡ್ತಿ ಬರ್ತಾಳಲ್ಲ. ಓದ್ಲಿ.”

ಅವನ ಮುಖಕ್ಕೆ ಆಗತಾನೇ ಬಂದಿದ್ದ ಬಣ್ಣ ಮತ್ತೆ ಹೋಯಿತು. ಇನ್ನೊಂದು ಲೋಟ ಕೊಡು ಎಂದು ಕೇಳಿದ. ಈಗ ಬೇಡ, ಹೊಟ್ಟೆ ತಡೆಯೋದಿಲ್ಲ, ಗಂಟೆ ಬಿಟ್ಟು ಕೊಡ್ತೀನಿ ಎಂದಳು. ಅತಿಥಿಗಳು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಮೇಷ್ಟ್ರು ನಲವತ್ತು ಹೆಜ್ಜೆಯನ್ನು ಗೋಡೆ ಹಿಡಿದು ದಾಟಿದರು. ಯಜಮಾನರು ಹೋಗುವಾಗ ಮುಂದಿನ ಪಾರ್ಟಿಯ ಮಾತೆತ್ತಲಿಲ್ಲ, ಇನ್ನೊಂದು ಬೂಟು ಎಲ್ಲಿ ಎಂದಷ್ಟೇ ಕೇಳಿದರು.

ಪಾತ್ರೆಗಳನ್ನು ತಮ್ಮ ತೊಳೆಯುವ ಸದ್ದು ಕೇಳುತ್ತಿತ್ತು. ಆಸ್ಪತ್ರೆಯಲ್ಲಿ ತಿಂಡಿ ಮುಗಿದ ಮೇಲೆ ಅಡುಗೆಯವರಿಗೆ ಕಾಲು ಗಂಟೆ ಕಾಲು ಚಾಚಲು ಬಿಡುತ್ತಿದ್ದರು. ಡಯಟಕ್ಕ ಕೋಣೆಗೆ ಹೋಗಿ, ಬಾಗಿಲು ತೆರೆದಿಟ್ಟು, ‘ಸಿಂಕ್’ ಎಂಬ ಅಕ್ಷರದ ಕೆಳಗೆ ಸರಿಯಾಗಿ ತಲೆಯಿಟ್ಟು ಮಲಗಿದಳು.