ನೂರೆಂಟು ಸುತ್ತು

ಮೊನ್ನೆ ಬಿರುಕು ಬಿಟ್ಟ ಹಿಮ್ಮಡಿ ತೋರಿಸಲು ಜೆ.ಪಿ. ನಗರದ ಚರ್ಮದ ಡಾಕ್ಟರ ಹತ್ತಿರ ಹೋಗಿದ್ದೆ. ನರ್ಸಮ್ಮ ಯಾರದೋ ಗಾಯಕ್ಕೆ ನೇರಳೆ ಬಣ್ಣದ ಔಷಧಿ ಹಚ್ಚುತ್ತಿದ್ದಳು. ಆ ಬಣ್ಣ ಕಂಡದ್ದೇ ತಡ, ಯಡಿಯೂರಿನ ಎದುರುಮನೆ ಅಕ್ಕನ ಪಾದಗಳು ಕಣ್ಣಮುಂದೆ ಬಂದವು...

ಎಪ್ಪತ್ತರ ದಶಕದ ಕೊನೆ. ನಾನು ಪಿಯುಸಿ ಓದುತ್ತಿದ್ದೆ, ಅಕ್ಕ ಬಿ.ಎ. ಮುಗಿಸಿದ್ದರು. ಹುಟ್ಟಿದಾಗಿನಿಂದ ಅವರಿಗೆ ನಾಲ್ಕು ಹೆಜ್ಜೆ ಹೆಚ್ಚು ನಡೆದರೆ ಅಂಗಾಲಿನಲ್ಲಿ ನೀರುಗುಳ್ಳೆ ಏಳುತ್ತಿತ್ತು, ಬೇಸಿಗೆಯಲ್ಲಂತೂ ಕೇಳಲೇಬೇಡಿ. ಗುಳ್ಳೆ ಚುಚ್ಚಿ ಆ ನೇರಳೆ ಔಷಧಿ ಹಚ್ಚಿಕೊಳ್ಳುತ್ತಿದ್ದರು. ಅಂಥ ಕಾಲಲ್ಲೇ ಓಡಾಡಿ ಟೈಪಿಂಗ್ ಕಲಿತು ಕೆಲಸ ಗಿಟ್ಟಿಸಿದರು. "ಕೂತ್ಕೊಂಡ್ ಮಾಡೋ ಕೆಲ್ಸ ಕಣೇ, ಕಾಲಿನ ಹಂಗೇ ಇಲ್ಲ" ಎಂದು ನಕ್ಕಿದ್ದರು.

ಅವರಮ್ಮ ಬಿಡಬೇಕಲ್ಲ! ಜೋಯಿಸರೊಬ್ಬರು ನಾಗದೋಷ ಅಂದಿದ್ದರು. ನಲವತ್ತೆಂಟು ದಿನ ಅಶ್ವತ್ಥಕಟ್ಟೆಯ ನಾಗರಕಲ್ಲಿಗೆ ಬರಿಗಾಲಲ್ಲಿ ದಿನಕ್ಕೆ ನೂರೆಂಟು ಪ್ರದಕ್ಷಿಣೆ, ಕೆಲಸ ಆಮೇಲೆ. ಲೆಕ್ಕ ಹಿಡಿಯಲು ನಾನು. ನಡೆದರೆ ಹುಣ್ಣಾಗುವ ಕಾಲಿಗೆ ನಡಿಗೆಯೇ ಮದ್ದಂತೆ. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ.

ಹತ್ತೊಂಬತ್ತನೇ ದಿನ ಕಲ್ಲುಹಾಸಿನ ಮೇಲೆ ರಕ್ತದ ಹೆಜ್ಜೆ ಮೂಡುತ್ತಿತ್ತು. ಅಕ್ಕ ಕಟ್ಟೆ ಹಿಡಿದು ನಿಂತುಬಿಟ್ಟರು. "ನೂರೆಂಟಾಯ್ತು ಅಂತ ಅಮ್ಮಂಗೆ ಹೇಳೇ, ದಮ್ಮಯ್ಯ."

"ಇನ್ನೂ ಹನ್ನೊಂದಿದೆ ಅಕ್ಕ. ದೇವರ ವಿಷ್ಯದಲ್ಲಿ ಸುಳ್ಳು ಹೇಳ್ಬಾರ್ದು" ಅಂದೆ ನಾನು, ದೊಡ್ಡ ಹರಿಶ್ಚಂದ್ರನ ಮೊಮ್ಮಗಳು.

ಅವರು ಬೈಯಲಿಲ್ಲ. ಹನ್ನೊಂದನ್ನೂ ಸುತ್ತಿದರು.

ಕೀವು, ಜ್ವರ... ವಾರದೊಳಗೆ ಆಸ್ಪತ್ರೆ ಸೇರಿದವರು ತಿರುಗಿ ಬರಲಿಲ್ಲ. ನಂಜು ಮೈಗೆಲ್ಲ ಏರಿತ್ತು. ವ್ರತ ಅರ್ಧಕ್ಕೆ ನಿಂತದ್ದೇ ಕಾರಣ ಎಂದು ಅವರಮ್ಮ ಕೊನೆವರೆಗೂ ಹೇಳುತ್ತಿದ್ದರು. ನಾನೂ ಕೆಲವು ವರ್ಷ ಹಾಗೇ ನಂಬಿದ್ದೆ. ನಂಬಿದರೆ ನನಗೂ ಸಲೀಸು.

ಮೊನ್ನೆ ಇದನ್ನೆಲ್ಲ ಡಾಕ್ಟರಿಗೆ ಹೇಳಿ, ಅದೇನು ಕಾಯಿಲೆ ಎಂದು ಕೇಳಿದೆ.

"ನೀವ್ ಹೇಳೋದ್ ನೋಡಿದ್ರೆ ಅದು ಕೆರಾಟಿನ್ ತೊಂದ್ರೆ ಇರ್ಬೇಕಮ್ಮ. ಚರ್ಮದ ಜೀವಕೋಶನ ಒಳಗಿಂದ ಬಿಗಿಯಾಗಿ ಹಿಡಿಯೋ ಪ್ರೋಟೀನ್ ಅದು. ಕೆಲವ್ರಿಗೆ ಹುಟ್ತಾನೇ ಅದರ ಎಳೆ ಸರಿಯಿರಲ್ಲ. ಉಜ್ಜಿದ್ರೆ ಸಾಕು, ಕೋಶ ಒಡೆದು ಗುಳ್ಳೆ."

"ಏನ್ ಮಾಡ್ಬೇಕಿತ್ತು ಸಾರ್?"

"ಪೂರ್ತಿ ಗುಣ ಆಗಲ್ಲ. ಮೆತ್ತನೆ ಕಾಲುಚೀಲ, ಮೆತ್ತನೆ ಚಪ್ಪಲಿ, ಗಾಯ ಕ್ಲೀನಾಗಿ ಇಟ್ಕೊಂಡು ಕಮ್ಮಿ ನಡೀಬೇಕಿತ್ತು. ಬದುಕ್ಬೋದಿತ್ತು."

ಕಾಲುಚೀಲ!

ಬರುವಾಗ ಯಡಿಯೂರಿನಲ್ಲಿ ಇಳಿದೆ. ಕಟ್ಟೆ ಹಾಗೇ ಇದೆ, ಸುತ್ತ ಟೈಲ್ಸ್ ಹಾಕಿದ್ದಾರೆ. ಚಪ್ಪಲಿ ಬಿಡಲು ಮನಸ್ಸಾಗದೆ ದೂರದಲ್ಲೇ ನಿಂತೆ. ಹನ್ನೊಂದು ಸುತ್ತು... "ಆಯ್ತು ಅಕ್ಕ, ಬನ್ನಿ ಮನೆಗೆ" ಅಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?